ಕಾವಲುಗಾರನ ನಾಲ್ಕು ನಿಮಿಷ

ಕೋಟಿಗಟ್ಟಲೆ ಸುರಿದು ಮಾಡಿದ ಸಿನಿಮಾ ನೋಡಲು ಕೂತರೆ ಅರ್ಧ ತಾಸಿನಲ್ಲಿ ನನಗೆ ಆಕಳಿಕೆ ಶುರುವಾಗುತ್ತದೆ. ಅದೇ ನಾಲ್ಕು ಜನ, ಒಂದು ಮನೆ, ಒಂದು ಹೆಣ, ಒಂದೇ ಬಾಗಿಲು, ಇಷ್ಟು ಕೊಡಿ, ಊಟ ಬಿಟ್ಟು ಕೂರುತ್ತೇನೆ. ಇಂಥ ಚಿತ್ರ ಮಾಡುವವನ ಕಿಸೆ ಖಾಲಿ, ಆದ್ದರಿಂದ ಅವನು ತಲೆ ಓಡಿಸಲೇಬೇಕು. ಕಾರು ಹಾರಿಸಲು ಆಗದವನು ಕಾರಿನ ಕೀಲಿಯನ್ನು ಟೇಬಲ್ಲಿನ ಮೇಲಿಟ್ಟು ಹೆದರಿಸುತ್ತಾನೆ. ಮಳೆ ಸುರಿಸಲು ಆಗದವನು ಬಾಗಿಲ ಬಳಿ ಒಂದು ಜೊತೆ ಒದ್ದೆ ಚಪ್ಪಲಿ ತೋರಿಸುತ್ತಾನೆ. ತನ್ನ ಹತ್ತಿರ ಇಲ್ಲದ್ದನ್ನು ಬೇಕೆಂತಲೇ ಬಿಟ್ಟಿದ್ದೇನೆ ಎಂದು ನಮ್ಮನ್ನು ನಂಬಿಸುತ್ತಾನೆ. ಆ ಮೋಸ ಹೋಗುವುದರಲ್ಲಿ ಒಂದು ಸುಖವಿದೆ. ಆ ಸುಖದ ಬಗ್ಗೆ ಈಗ ಮಾತಾಡಿದರೆ ಬಾಯಿ ಕಹಿಯಾಗುತ್ತದೆ, ಆದರೂ ಹೇಳಿಬಿಡುತ್ತೇನೆ.

ನಾನು ವಿಜಯಪುರದಲ್ಲಿ ಮದುವೆ ವಿಡಿಯೋ ತೆಗೆಯುವವನು. ಬಾರಾಕಮಾನಿನ ಕೆಳಗೆ, ಭೂತನಾಳ ಕೆರೆಯ ದಂಡೆಯಲ್ಲಿ ಎಷ್ಟು ಜೋಡಿಗಳನ್ನು ಕೈ ಹಿಡಿಸಿ ನಡೆಸಿದ್ದೇನೋ ಲೆಕ್ಕವಿಲ್ಲ. "ಸ್ವಲ್ಪ ನಗ್ರಿ, ಹೆಣಾ ಹೊರಾಕ ಬಂದವರಂಗ ನಿಂತೀರಲ್ಲ" ಎಂದು ಮದುಮಗನನ್ನೂ ಗದರಿಸುವವನು ನಾನು. ಸಿಟ್ಟು ನನ್ನ ಮೂಗಿನ ತುದಿಯಲ್ಲೇ ಇರುತ್ತದೆ. ಸ್ಟುಡಿಯೋದಲ್ಲಿ ಮಧ್ಯಾಹ್ನದ ಹೊತ್ತು ಗಿರಾಕಿ ಇಲ್ಲದಾಗ ಕಂಪ್ಯೂಟರಿನಲ್ಲಿ ಸಣ್ಣ ಸಣ್ಣ ಕೊಲೆ ಸಿನಿಮಾಗಳನ್ನು ನೋಡುತ್ತ ಕೂರುತ್ತಿದ್ದೆ. ನೋಡಿ ನೋಡಿ ಒಂದು ದಿನ ಅನ್ನಿಸಿತು, ಕ್ಯಾಮೆರಾ ನನ್ನದೇ ಇದೆ, ತೆಗೆದದ್ದನ್ನು ಕತ್ತರಿಸಿ ಕೂಡಿಸುವ ಕೆಲಸ ಬರುತ್ತದೆ, ನಾನ್ಯಾಕೆ ಒಂದು ಮಾಡಬಾರದು?

ಜಾಗ ಸಿಕ್ಕಿತ್ತು. ಟಿಕೋಟಾದ ಹತ್ತಿರ ನನ್ನ ಹೆಂಡತಿಯ ಅಣ್ಣನದು ಒಣದ್ರಾಕ್ಷಿ ಮಾಡುವ ಶೆಡ್ ಇದೆ. ಉದ್ದಕ್ಕೆ ಹತ್ತು ಹನ್ನೊಂದು ಅಂತಸ್ತಿನ ಬಲೆ, ಅದರ ಮೇಲೆ ದ್ರಾಕ್ಷಿ, ಸುತ್ತಲೂ ಹಸಿರು ನೆರಳುಬಟ್ಟೆ. ಕಥೆಯನ್ನು ಅಲ್ಲೇ ಹೆಣೆದೆ. ಶೆಡ್ಡಿನ ಮಾಲೀಕ ಸತ್ತು ಬಿದ್ದಿದ್ದಾನೆ. ಅವನ ಹೆಂಡತಿ, ಅವನ ತಮ್ಮ, ಮತ್ತೆ ಒಬ್ಬ ಮುದುಕ ಮೂಕ ಕಾವಲುಗಾರ. ತಮ್ಮ ತಾನು ಕೊಲೆಯ ದಿನ ಬೇರೆ ಊರಿನಲ್ಲಿದ್ದೆ ಎಂದು ಹೇಳುತ್ತಾನೆ, ಆದರೆ ಶೆಡ್ಡಿನಲ್ಲಿ ತೆಗೆದ ಅವನದೊಂದು ಫೋಟೋದಲ್ಲಿ, ಅವನ ಹಿಂದೆ ಬಲೆಯ ಮೇಲಿನ ದ್ರಾಕ್ಷಿ ಎಷ್ಟು ಒಣಗಿದೆ ನೋಡಿದರೆ ಅದು ಕೊಲೆಯ ದಿನದ್ದೇ ಎಂದು ಗೊತ್ತಾಗಿಬಿಡುತ್ತದೆ. ಎಲ್ಲರೂ ಅವನನ್ನೇ ಕೊಲೆಗಾರ ಎಂದುಕೊಳ್ಳುತ್ತಾರೆ. ಅವನಲ್ಲ. ಕೊನೆಗೆ ಆ ಮೂಕ ಕಾವಲುಗಾರ ಬಾಯಿ ತೆರೆದು, ನಾಲ್ಕು ನಿಮಿಷ ಎಡೆಬಿಡದೆ ಮಾತಾಡಿ, ಕೊಂದದ್ದು ತಾನೇ ಎಂದು ಒಪ್ಪಿಕೊಳ್ಳುತ್ತಾನೆ.

ಆ ಪಾತ್ರಕ್ಕೆ ನನ್ನ ಕಣ್ಣ ಮುಂದೆ ಇದ್ದವರು ಒಬ್ಬರೇ, ಬಬಲೇಶ್ವರದ ಚಾಚಾ. ಬಸ್ ಕಂಡಕ್ಟರ್ ಆಗಿ ನಿವೃತ್ತರಾದವರು. ಅವರು "ಟಿಕೋಟಾ, ಟಿಕೋಟಾ, ಇಳಿಯೋರು ಮುಂದ ಬರ್ರಿ" ಎಂದು ಕೂಗಿದರೆ ಕೊನೆಯ ಸೀಟಿನಲ್ಲಿ ಗೊರಕೆ ಹೊಡೆಯುವವನೂ ಗಂಟು ಹಿಡಿದು ಎದ್ದು ನಿಲ್ಲುತ್ತಿದ್ದ. ಜೈನಾಪುರ, ಅರಕೇರಿ ಕಡೆಯ ಊರ ನಾಟಕಗಳಲ್ಲಿ ಖಳನಾಯಕನ ಪಾತ್ರ ಅವರಿಗೇ ಮೀಸಲು. ಮದುವೆಗಳಲ್ಲಿ ಉಡುಗೊರೆ ಕೊಟ್ಟವರ ಹೆಸರನ್ನು ಮೈಕಿನಲ್ಲಿ ಹೇಳುವುದಕ್ಕೂ ಅವರನ್ನೇ ಕರೆಯುತ್ತಿದ್ದರು. ನನಗೆ ಅವರ ಪರಿಚಯವಾದದ್ದೂ ಹಾಗೆಯೇ.

ಕೇಳಲು ಹೋದಾಗ ಅವರ ಮೊದಲ ಪ್ರಶ್ನೆ, "ನನಗ ಡೈಲಾಗ್ ಎಷ್ಟ ಅದಾವು?"

"ಕಡೀ ನಾಕ ನಿಮಿಷ ಅಷ್ಟ ಚಾಚಾ. ಅಲ್ಲೀತನಾ ನೀವು ಮೂಕರು."

"ಲೇ ತಮ್ಮಾ, ಊರಾಗಿನ ದೊಡ್ಡ ದನಿ ಕರಕೊಂಡು ಹೋಗಿ ಬಾಯಿಗೆ ಬೀಗ ಜಡೀತೀಯಲ್ಲೋ! ತಲಿ ನೆಟ್ಟಗ ಐತಿಲ್ಲೋ ನಿಂದು?"

"ಅದಕ್ಕ ನೋಡ್ರಿ, ನಿಮ್ಮ ಮ್ಯಾಲ ಯಾರಿಗೂ ಸಂಶಯ ಬರಂಗಿಲ್ಲ. ಕಡೀಕ ನೀವು ಬಾಯಿ ತಗದ್ರಂದ್ರ ಮಂದಿ ಕುರ್ಚಿ ಬಿಟ್ಟು ಏಳಬೇಕು."

ಚಹಾ ತಂದಿಟ್ಟ ಚಾಚಿ ನಕ್ಕರು. "ದಿನಪೂರ್ತಿ ಬಾಯಿ ಮುಚ್ಚಿಸಿ ಕುಂದ್ರಸ್ತೀಯೇನಪ್ಪ? ಹಂಗಾರ ದಿನಾ ಕರಕೊಂಡು ಹೋಗು. ಮನ್ಯಾಗ ನನ್ನ ಕಿವಿಯರ ಆರಾಮ ಇರ್ತಾವು."

ಶೂಟಿಂಗ್ ಶುರುವಾಯಿತು. ಅರಕೇರಿಯ ನನ್ನ ಸ್ನೇಹಿತ, ಅಲ್ಲಿಯ ಸಾಲಿಯಲ್ಲಿ ಪಾಠ ಹೇಳುವ ಮಾಸ್ತರ, ವಿಚಾರಣೆಗೆ ಬರುವ ಇನ್‌ಸ್ಪೆಕ್ಟರ್ ಆದ. ಕ್ಯಾಮೆರಾ, ಬೆಳಕು, ದನಿ ಮೂರೂ ನಾನೇ. ಚಾಚಾ ದಿನವಿಡೀ ಒಂದು ಪ್ಲಾಸ್ಟಿಕ್ ಕ್ರೇಟಿನ ಮೇಲೆ ಕೂತು ಬರೀ ಕಣ್ಣಿನಲ್ಲಿ ಕೆಲಸ ಮಾಡುತ್ತಿದ್ದರು. ಹತ್ತನೇ ದಿನದ ಸುಮಾರಿಗೆ ಅವರ ಗಂಟಲು ಒಡೆಯಿತು. ಶೆಡ್ಡಿನಲ್ಲಿ ದ್ರಾಕ್ಷಿಗೆ ಹೊಡೆಯುವ ಔಷಧದ ವಾಸನೆಗೆ ಹೀಗಾಗಿದೆ ಎಂದು ನಾವೆಲ್ಲ ಅಂದುಕೊಂಡೆವು. ನಾನಂತೂ, ಕೊಲೆಗಾರನಿಗೆ ಇಂಥ ಒಡಕು ದನಿಯೇ ಸರಿ ಎಂದು ಒಳಗೊಳಗೇ ಹಿಗ್ಗಿದ್ದೆ. ಥೂ ನನ್ನ ಜನ್ಮಕ್ಕೆ.

ಅದು ಗಡ್ಡೆಯಾಗಿತ್ತು. ವಿಜಯಪುರದ ಡಾಕ್ಟರು ಜೀವ ಉಳಿಸುತ್ತೇವೆ, ದನಿ ಉಳಿಯುವುದಿಲ್ಲ, ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು, ಬರುವ ವಾರವೇ ಆಗಬೇಕು ಎಂದರು. ಚಾಚಾ ದವಾಖಾನೆಯಿಂದ ಮನೆಗೆ ಹೋಗಲಿಲ್ಲ. ನೆಟ್ಟಗೆ ನನ್ನ ಸ್ಟುಡಿಯೋಕ್ಕೆ ಬಂದು ಕುರ್ಚಿ ಎಳೆದು ಕೂತರು.

"ಆ ನಾಕ ನಿಮಿಷ ಮೊದಲ ತಗದಬಿಡು."

"ಸಿನಿಮಾ ಹಾಳಾಗಿ ಹೋಗ್ಲಿ ಚಾಚಾ. ಮೊದಲ ಆಪರೇಶನ್ ಮಾಡಿಸ್ಕೋರಿ."

"ಸಿನಿಮಾದ ಸಲುವಾಗಿ ಹೇಳಾಕತ್ತಿಲ್ಲೋ ಹುಚ್ಚಾ. ನನ್ನ ದನಿ ಎಲ್ಲೂ ಇಲ್ಲ. ಬಸ್ಸಿನ್ಯಾಗ ಒದರಿದ್ದೆಲ್ಲಾ ಧೂಳಿನ ಕೂಡ ಹೋತು. ನಿನ್ನ ಸಿನಿಮಾದಾಗರ ಇರಲಿ. ನಾಳೆ ಅಕೀಗೆ ಒಮ್ಮೆ ಕೇಳಬೇಕನಸ್ತಂದ್ರ ಎಲ್ಲಿಗೆ ಹೋಗಬೇಕು?"

ಅಕೀ ಎಂದರೆ ಚಾಚಿ. ಚಾಚಾರ ಹತ್ತಿರ ಇದ್ದದ್ದು ಹಳೆಯ ಬಟನ್ ಫೋನು. ನನ್ನ ಫೋನಿನಲ್ಲಾದರೂ ಆ ಹೊತ್ತೇ ನಾಲ್ಕು ಮಾತು ತುಂಬಿಕೊಳ್ಳಬಹುದಿತ್ತು. ಹೊಳೆಯಲಿಲ್ಲ. ಇಷ್ಟು ದೊಡ್ಡ ಕ್ಯಾಮೆರಾ ಇರುವವನಿಗೆ ಫೋನು ಯಾಕೆ ಎಂಬ ಸೊಕ್ಕು ಬೇರೆ.

ದವಾಖಾನೆಗೆ ಸೇರುವ ಹಿಂದಿನ ದಿನ ಆ ದೃಶ್ಯ ತೆಗೆಯುವುದೆಂದು ನಿಕ್ಕಿಯಾಯಿತು. ಅದಕ್ಕೂ ಒಂದು ದಿನ ಮುಂಚೆ ನಗರದಲ್ಲಿ ಒಂದು ಮದುವೆ ಒಪ್ಪಿಕೊಂಡಿದ್ದೆ, ಅದನ್ನು ಮುಗಿಸಿ ಟಿಕೋಟಾಕ್ಕೆ ಹೋದೆ. ಇಲ್ಲಿ ನಮ್ಮ ಕಸುಬಿನ ಒಂದು ರೂಢಿ ಹೇಳಬೇಕು. ನಮ್ಮ ಕಡೆಯ ಮದುವೆ ವಿಡಿಯೋದಲ್ಲಿ ಮಾತು ಇರುವುದಿಲ್ಲ. ಬ್ಯಾಂಡು, ಡಿಜೆ, ಭಟಜಿಯ ಕೆಮ್ಮು, ಊಟಕ್ಕೆ ಕರೆಯುವ ಗದ್ದಲ, ಇದ್ಯಾವುದೂ ಯಾರಿಗೂ ಬೇಡ. ಕ್ಯಾಮೆರಾದಲ್ಲಿ ದನಿ ತುಂಬುವುದನ್ನೇ ಬಂದ್ ಮಾಡಿ, ಆಮೇಲೆ ಮೊದಲಿಂದ ಕೊನೆಯವರೆಗೆ ಹಾಡು ಹಾಕುತ್ತೇವೆ. ನನಗೆ ಕಲಿಸಿದವರು ಹಾಗೆ ಮಾಡುತ್ತಿದ್ದರು, ನಾನೂ ಹಾಗೇ ಮಾಡುತ್ತೇನೆ. ಮದುವೆ ಮನೆಯ ಹೊಸ್ತಿಲು ದಾಟುವ ಮೊದಲೇ ಬೆರಳು ತಾನಾಗಿ ಆ ಗುಂಡಿಗೆ ಹೋಗುತ್ತದೆ. ಸಿನಿಮಾಕ್ಕೆ ಬಂದಾಗ ಮತ್ತೆ ಚಾಲೂ ಮಾಡಬೇಕು. ಅದುವರೆಗೆ ಪ್ರತಿ ಸಲವೂ ಮಾಡಿದ್ದೆ.

ಅಂದು ಮಧ್ಯಾಹ್ನ ಶೆಡ್ಡಿನಲ್ಲಿ ಗಾಳಿ ಕೂಡ ಇರಲಿಲ್ಲ. ಚಾಚಾರ ಅಂಗಿಗೆ, ಕ್ಯಾಮೆರಾಕ್ಕೆ ದನಿ ಕಳಿಸುವ ಸಣ್ಣ ಮೈಕು ಸಿಕ್ಕಿಸಿದೆ. ಅದರ ಕೆಂಪು ದೀಪ ಉರಿಯುತ್ತಿತ್ತು. ಕ್ರೇಟಿನ ಮೇಲೆ ಕೂತು ಅವರು ಮಾಸ್ತರನ ಮುಖ ನೋಡಿದರು, ನಿಧಾನಕ್ಕೆ ಬಾಯಿ ತೆರೆದರು.

"ಮೂಕ ಅಂತ ನೀವ ತಿಳಕೊಂಡ್ರಿ ಸಾಹೇಬ್ರ. ನಾ ಹೇಳಿದ್ದಿಲ್ಲ. ಇಷ್ಟ ವರ್ಷ ನನ್ನ ಯಾರೂ ಏನೂ ಕೇಳಲಿಲ್ಲ, ಅದಕ್ಕ ನಾ ಮಾತಾಡಲಿಲ್ಲ."

ಅಲ್ಲಿಂದ ಶುರುವಾದದ್ದು ನಾಲ್ಕು ನಿಮಿಷ. ಒಡಕು ದನಿ ಕೆಲವು ಕಡೆ ಗಾಳಿಯಷ್ಟೇ ಆಗುತ್ತಿತ್ತು, ಮತ್ತೆ ಎಲ್ಲಿಂದಲೋ ಎದ್ದು ಬರುತ್ತಿತ್ತು. ಮಾಸ್ತರನಿಗೆ ತನ್ನ ಮಾತೇ ಮರೆತುಹೋಯಿತು. ನನ್ನ ಕಣ್ಣು ತುಂಬಿ ಪರದೆ ಕಾಣಿಸುತ್ತಿರಲಿಲ್ಲ. ಇಯರ್‌ಫೋನ್ ಹಾಕಿಕೊಂಡಿರಲಿಲ್ಲ. ನನ್ನ ಎರಡೂ ಕಿವಿಗೆ ಆ ದನಿ ಕೇಳುತ್ತಿತ್ತಲ್ಲ, ಕ್ಯಾಮೆರಾಕ್ಕೆ ಕೇಳುತ್ತಿಲ್ಲ ಎಂದು ಹೇಗೆ ಅನ್ನಿಸಬೇಕು?

ಮುಗಿದ ಮೇಲೆ ಚಾಚಾ ನೀರು ಕುಡಿದು ಕೇಳಿದರು. "ಇನ್ನೊಮ್ಮೆ ಮಾಡೂಣೇನು? ನಡುವ ಒಂದ ಕಡೆ ದನಿ ಜಾರಿತು."

"ಬ್ಯಾಡ್ರಿ ಚಾಚಾ" ಎಂದೆ. "ಇದಕ್ಕಿಂತ ಚೊಲೋ ಬರಂಗಿಲ್ಲ."

ಅವರೇ ಕೇಳಿದ್ದರು. ನಾನೇ ಬೇಡ ಎಂದಿದ್ದೆ. ಈ ಎರಡು ಮಾತು ಎಷ್ಟು ಸಲ ನನ್ನ ತಲೆಯಲ್ಲಿ ತಿರುಗಿವೆಯೋ ನನಗೇ ಗೊತ್ತಿಲ್ಲ.

ಎರಡು ದಿನ ಬಿಟ್ಟು ಆ ದೃಶ್ಯವನ್ನು ಕಂಪ್ಯೂಟರಿಗೆ ಹಾಕಿದೆ. ಚಾಚಾ ಬಾಯಿ ತೆರೆದರು. ಏನೂ ಬರಲಿಲ್ಲ. ಸ್ಪೀಕರಿನ ವೈರು ಸಡಿಲವಾಗಿದೆ ಎಂದುಕೊಂಡು ಒತ್ತಿದೆ. ಬೇರೆ ಸ್ಪೀಕರ್ ಹಚ್ಚಿದೆ. ಕೆಳಗೆ ದನಿಯ ಗೆರೆ ಬರಬೇಕಾದ ಕಡೆ ಏನೂ ಇರಲಿಲ್ಲ, ಖಾಲಿ. ಕ್ಯಾಮೆರಾ ತೆಗೆದು ನೋಡಿದೆ. ಮದುವೆಯ ದಿನ ಬಂದ್ ಮಾಡಿದ್ದು ಹಾಗೇ ಬಂದ್ ಇತ್ತು. ಆ ಹೊತ್ತಿಗೆ ಚಾಚಾರ ಆಪರೇಶನ್ ಆಗಿ ಒಂದು ಹಗಲು ಕಳೆದಿತ್ತು.

ಮೇಜಿಗೆ ತಲೆ ಕುಟ್ಟಿಕೊಂಡ ಸಪ್ಪಳಕ್ಕೆ ಹೆಂಡತಿ ಒಳಗಿನಿಂದ ಓಡಿ ಬಂದಳು. ಹೇಳಿದೆ. ಅವಳು ಬೈಯಲಿಲ್ಲ, ಅದೇ ಹೆಚ್ಚು ಸುಟ್ಟಿತು. ಬರೀ "ಯವ್ವಾ" ಎಂದು ಬಾಯಿಗೆ ಸೆರಗು ಹಿಡಿದು ನಿಂತಳು.

ಕ್ಯಾಮೆರಾದ ಮೆಮೊರಿ ಕಾರ್ಡನ್ನು ಬಸ್ ನಿಲ್ದಾಣದ ಹತ್ತಿರದ ರಿಪೇರಿ ಅಂಗಡಿಗೆ ಒಯ್ದೆ. ಅಳಿಸಿಹೋದ ಫೋಟೋ ಮರಳಿ ತೆಗೆದುಕೊಡುವವನು ಅವನು. ನನ್ನ ಮಾತು ಪೂರ್ತಿ ಕೇಳಿ ಕಾರ್ಡನ್ನು ನನ್ನ ಕೈಗೇ ಕೊಟ್ಟ. "ಅಳಿಸಿದ್ದು ತಗೀಬಹುದ್ರಿ ಅಣ್ಣಾರ. ತುಂಬೇ ಇರದ್ದನ್ನ ಎಲ್ಲಿಂದ ತರಲಿ?"

ಆಮೇಲೆ ನನ್ನ ಹಳೆಯ ಹಾರ್ಡ್‌ಡಿಸ್ಕುಗಳನ್ನೆಲ್ಲ ಹೊರಗೆ ಹಾಕಿದೆ. ಚಾಚಾ ಎಷ್ಟು ಮದುವೆಗಳಲ್ಲಿ ಮೈಕು ಹಿಡಿದಿಲ್ಲ! ಒಂದರಲ್ಲಾದರೂ ನಾಲ್ಕು ಹೆಸರು ಕೂಗಿದ್ದು ಸಿಗಬಾರದೇ? ಮೂರು ದಿನ ಸ್ಟುಡಿಯೋದ ಶಟರ್ ಅರ್ಧ ಇಳಿಸಿ ಕೂತು ಹುಡುಕಿದೆ. ಸಿಕ್ಕರು. ಬಬಲೇಶ್ವರದ ಒಂದು ಮದುವೆಯಲ್ಲಿ ಬಿಳಿ ಪೈಜಾಮದಲ್ಲಿ ನಿಂತು, ಮೈಕು ಹಿಡಿದು, ಬಾಯಿ ತುಂಬ ಏನೋ ಹೇಳುತ್ತಿದ್ದರು. ಜನ ನಗುತ್ತಿದ್ದರು. ಅದರ ಮೇಲೆ ನಾನೇ ಹಾಕಿದ ಪ್ರೇಮಗೀತೆ ಹರಿಯುತ್ತಿತ್ತು. ಇನ್ನೊಂದರಲ್ಲೂ ಸಿಕ್ಕರು, ಅಲ್ಲೂ ಹಾಡು. ಮತ್ತೊಂದರಲ್ಲಿ ಹಾಡು ಮುಗಿದು ಇನ್ನೊಂದು ಶುರುವಾಗುವ ನಡುವೆ ಎರಡು ಕ್ಷಣದ ಖಾಲಿ ಜಾಗವಿತ್ತು, ಅದನ್ನು ಇಪ್ಪತ್ತು ಸಲ ಕೇಳಿದೆ. ಖಾಲಿಯೇ ಇತ್ತು. ಒಬ್ಬ ಮನುಷ್ಯನ ದನಿಯನ್ನು ನಾನು ಒಂದು ಸಲವಲ್ಲ, ವರ್ಷಗಟ್ಟಲೆ ಅಳಿಸುತ್ತ ಬಂದಿದ್ದೆ, ಅದಕ್ಕೆ ಕೂಲಿ ಬೇರೆ ಪಡೆದಿದ್ದೆ.

ದವಾಖಾನೆಗೆ ಹೋದೆ. ಹೇಳಿಬಿಡಬೇಕು ಎಂದೇ ಹೋಗಿದ್ದೆ. ಚಾಚಾ ಮಲಗಿದ್ದರು, ಕುತ್ತಿಗೆಯಲ್ಲಿ ಕೊಳವೆ. ನನ್ನನ್ನು ಕಂಡು ಕೈ ಎತ್ತಿ ಕ್ಯಾಮೆರಾ ತಿರುಗಿಸುವಂತೆ ಸನ್ನೆ ಮಾಡಿದರು, ಹೇಗೆ ಬಂದಿದೆ ಎಂದು. ಚಾಚಿ ನನ್ನ ಕೈ ಹಿಡಿದುಕೊಂಡು, "ಹೋದ್ರ ಹೋಗ್ಲಿ ಬಿಡಪ್ಪ. ಇವರ ದನಿ ನಿನ್ನ ಹತ್ರ ಐತಲ್ಲ, ನನಗ ಅಷ್ಟ ಸಾಕು" ಎಂದರು. ಹೌದೆಂಬಂತೆ ತಲೆ ಆಡಿಸಿ ಹೊರಗೆ ಬಂದೆ.

ಮಾಸ್ತರ ಬೇರೆಯವರಿಂದ ದನಿ ಕೊಡಿಸೋಣ ಎಂದ. ಹೆಂಡತಿ ಕೆಂಡವಾದಳು. "ಆ ಬಾಯಾಗ ಬ್ಯಾರೆ ದನಿ ಇಟ್ರ ಚಾಚಿ ನಡಬರಕ ಎದ್ದು ಹೋಗ್ತಾರ. ಹೋಗಬೇಕು ಕೂಡ." ಚಿತ್ರವನ್ನೇ ಬಾವಿಗೆ ಹಾಕೋಣವೆಂದರೆ, ಚಾಚಾ ಮನೆಗೆ ಬಂದವರಿಗೆಲ್ಲ ಸನ್ನೆಯಲ್ಲಿ ಅದರ ಕಥೆ ಹೇಳುತ್ತಿದ್ದಾರೆ ಎಂದು ಸುದ್ದಿ ಬರುತ್ತಿತ್ತು. ಕೊನೆಗೆ ನನ್ನ ಹಾಳು ಬುದ್ಧಿ ಕೆಲಸ ಮಾಡಿತು. ಸತ್ತವನ ಹೆಂಡತಿಯ ಪಾತ್ರದವಳನ್ನು ಶೆಡ್ಡಿನ ಹೊರಗೆ, ನೆರಳುಬಟ್ಟೆಯ ಆಚೆ ನಿಲ್ಲಿಸಿ ಒಂದು ಚಿತ್ರಿಕೆ ತೆಗೆದೆ. ಪಕ್ಕದಲ್ಲಿ ಟ್ರ್ಯಾಕ್ಟರ್ ಚಾಲೂ ಇಟ್ಟೆ. ಈಗ ನೋಡುವವರು ಅವಳ ಜಾಗದಲ್ಲಿ ನಿಂತಂತಾಯಿತು. ಇಷ್ಟು ಹೊತ್ತು ಮೂಕನೆಂದುಕೊಂಡವನು ಒಳಗೆ ಬಾಯಿ ತೆರೆದು ಏನೋ ಹೇಳುತ್ತಿದ್ದಾನೆ, ಟ್ರ್ಯಾಕ್ಟರಿನ ಸದ್ದಿನಲ್ಲಿ ಒಂದಕ್ಷರವೂ ಕೇಳುವುದಿಲ್ಲ, ಮುಖ ನೋಡಿಯೇ ತಿಳಿಯಬೇಕು. ಕೂಡಿಸಿ ನೋಡಿದೆ. ಅಯ್ಯೋ, ಎಷ್ಟು ಚೆನ್ನಾಗಿ ಕೂತಿತ್ತೆಂದರೆ ನನಗೇ ಹೆದರಿಕೆಯಾಯಿತು.

ನಗರದ ಒಂದು ಸಭಾಂಗಣದಲ್ಲಿ ಭಾನುವಾರ ಮುಂಜಾನೆ ತೋರಿಸಿದೆವು. ನೆಂಟರು, ಗಿರಾಕಿಗಳು, ಕಾಲೇಜಿನವರು ಎಲ್ಲ ಬಂದಿದ್ದರು. ಎರಡನೇ ಸಾಲಿನಲ್ಲಿ ಚಾಚಾ, ಕುತ್ತಿಗೆಗೆ ಬಿಳಿ ಅರಿವೆ ಕಟ್ಟಿಕೊಂಡು, ಅತ್ತರು ಹಚ್ಚಿಕೊಂಡು ಕೂತಿದ್ದರು. ಪಕ್ಕದಲ್ಲಿ ಚಾಚಿ. ಚಿತ್ರ ಶುರುವಾಗುವ ಮೊದಲು ಅವರಿಗೆ ಹೇಳಬೇಕೆಂದು ಎರಡು ಸಲ ಹತ್ತಿರ ಹೋದೆ. ಎರಡು ಸಲವೂ ಯಾರೋ ಕೈ ಕುಲುಕಿದರು, ನಾನು ಅದನ್ನೇ ನೆಪ ಮಾಡಿಕೊಂಡು ಹಿಂದೆ ಸರಿದೆ.

ಕೊನೆಯ ನಾಲ್ಕು ನಿಮಿಷ ಯಾರೂ ಕೆಮ್ಮಲಿಲ್ಲ. ದೀಪ ಹತ್ತಿದಾಗ ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ಒಬ್ಬ ಅಧ್ಯಾಪಕರು ಮೈಕು ಇಸಿದುಕೊಂಡು ಕೇಳಿದರು. "ಕೊಲೆಗಾರನ ತಪ್ಪೊಪ್ಪಿಗೆಯನ್ನೇ ನಮಗೆ ಕೇಳಿಸದ ಹಾಗೆ ಮಾಡಿದಿರಲ್ಲ, ಇಂಥ ಜಾಣತನ ದುಡ್ಡಿದ್ದವರಿಗೆ ಹೊಳೆಯೋದಿಲ್ಲ. ನಿಮಗೆ ಹೆಂಗ ಹೊಳೀತು?"

ಅಲ್ಲಿ ಹೇಳಬಹುದಿತ್ತು. ಇಡೀ ಸಭೆ ಕಾಯುತ್ತಿತ್ತು. ನಾನು ಹೇಳಿದ್ದು ಇಷ್ಟು. "ಮೊದಲಿನಿಂದಲೂ ಹಾಗೇ ಬರೆದಿದ್ದೆ ಸರ್. ಆ ಮಾತು ಕೇಳಿಸೋದು ಬ್ಯಾಡ ಅಂತ ನಾನೇ ತೆಗೆದೆ."

ಮತ್ತೆ ಚಪ್ಪಾಳೆ. ಚಾಚಾ ನನ್ನನ್ನೇ ನೋಡುತ್ತಿದ್ದರು. ಆಮೇಲೆ ಅವರೂ ಎಲ್ಲರ ಜೊತೆ ಚಪ್ಪಾಳೆ ತಟ್ಟಿದರು. ನಾನು ವೇದಿಕೆ ಇಳಿದು ಬರುವಷ್ಟರಲ್ಲಿ ಎರಡನೇ ಸಾಲು ಖಾಲಿಯಾಗಿತ್ತು.

ಮರುದಿನ ಮುಂಜಾನೆ ಬಬಲೇಶ್ವರದ ಬಸ್ಸು ಹತ್ತಿದೆ. ಬಾಗಿಲು ತೆರೆದ ಚಾಚಿಯ ಮುಖದಲ್ಲಿ ನಗು ಇರಲಿಲ್ಲ. "ಬಾರಪ್ಪ. ನಿನ್ನಿಯಿಂದ ಗಂಜಿ ಸುದ್ದಾ ಮುಟ್ಟಿಲ್ಲ ಇವರು. ಏನಾಗೇತಿ ಅಂದ್ರ ಗೋಡಿ ಕಡೆ ಮಾರಿ ಮಾಡ್ತಾರ."

ಚಾಚಾ ಮಂಚದ ಮೇಲೆ ಕೂತಿದ್ದರು. ಪಕ್ಕದಲ್ಲಿ ಸಾಲಿ ಹುಡುಗರ ಪಾಟಿ, ಬಳಪ. ಆಪರೇಶನ್ ಆದ ಮೇಲೆ ಸನ್ನೆಗೆ ನಿಲುಕದ ಅವರ ಮಾತೆಲ್ಲ ಅದರಲ್ಲೇ. ನನ್ನನ್ನು ಕಂಡದ್ದೇ ಪಾಟಿ ಎತ್ತಿಕೊಂಡು ಬರೆದರು, ನನ್ನ ಕಡೆ ತಿರುಗಿಸಿದರು.

"ನನ್ನ ದನಿ ಅಷ್ಟು ಕೆಟ್ಟಿತ್ತೇನು?"

ನಾನು ಅಲ್ಲೇ ಮಂಚದ ಎದುರು ನೆಲದ ಮೇಲೆ ಕೂತೆ. ಆ ಮನುಷ್ಯ ರಾತ್ರಿಯೆಲ್ಲ ಇದನ್ನೇ ಯೋಚಿಸುತ್ತ ಗೋಡೆಗೆ ಮುಖ ಮಾಡಿ ಮಲಗಿದ್ದ. ತನ್ನ ಕೊನೆಯ ಮಾತು ಯಾರಿಗೂ ಕೇಳಿಸಲು ಲಾಯಕ್ಕಿಲ್ಲದಷ್ಟು ಹಾಳಾಗಿತ್ತು, ಅದಕ್ಕೇ ಹುಡುಗ ತೆಗೆದುಹಾಕಿದ ಎಂದು.

"ಇಲ್ಲ ಚಾಚಾ. ನಾ ತಗದಿಲ್ಲ. ತುಂಬೇ ಇದ್ದಿಲ್ಲ. ಮದುವಿಗೆ ಬಂದ್ ಮಾಡಿದ್ದು ಚಾಲೂ ಮಾಡೂದು ಮರತೆ. ನಿನ್ನೆ ಎಲ್ಲಾರ ಮುಂದ ಸುಳ್ಳ ಹೇಳಿದೆ. ನಿಮ್ಮ ದನಿ ನಾ ಕಳದೇನಿ." ಅಳು ಬಂದು ಮಾತು ತೊದಲಿತು. "ಭಾಳ ಚೊಲೋ ಇತ್ತು ಚಾಚಾ. ಅಷ್ಟ ಚೊಲೋ ನಾ ಎಲ್ಲೂ ಕೇಳಿಲ್ಲ. ಮಾಸ್ತರಗ ತನ್ನ ಮಾತ ಮರತು ಹೋಗಿತ್ತು."

ಬಾಗಿಲಲ್ಲಿ ನಿಂತಿದ್ದ ಚಾಚಿ ಮೆಲ್ಲಗೆ ಕೇಳಿದರು. "ಅಂದ್ರ, ಎಲ್ಲೂ ಇಲ್ಲೇನು?"

"ಇಲ್ಲ ಚಾಚಿ."

ಅವರು ಹೊಸ್ತಿಲ ಮೇಲೆ ಕೂತರು. ಬೈದಿದ್ದರೆ ಬೈಸಿಕೊಳ್ಳುತ್ತಿದ್ದೆ, ಹೊಡೆದಿದ್ದರೆ ಹೊಡೆಸಿಕೊಳ್ಳುತ್ತಿದ್ದೆ. ಸೆರಗಿನಿಂದ ಒಂದು ಸಲ ಮುಖ ಒರೆಸಿಕೊಂಡು ಹೊರಗೆ ನೋಡುತ್ತ ಕೂತರು.

ಚಾಚಾ ಬಹಳ ಹೊತ್ತು ನನ್ನ ಮುಖವನ್ನು ನೋಡಿದರು. ನಾನು ಮತ್ತೆ ಸುಳ್ಳು ಹೇಳುತ್ತಿದ್ದೇನೋ ಏನೋ ಎಂದು ಅಳೆಯುವ ಹಾಗಿತ್ತು. ಆಮೇಲೆ ತೋಳಿನಿಂದ ಪಾಟಿ ಒರೆಸಿ, ಮೂರೇ ಪದ ಬರೆದು ಹೆಂಡತಿಯ ಕಡೆ ತಿರುಗಿಸಿದರು.

"ಏನ್ ಬರದಾರ?" ಎಂದರು ಚಾಚಿ. "ನನಗ ಕನ್ನಡ ಓದಾಕ ಬರೂದಿಲ್ಲ, ದಿನಾ ಬಂದವರ ಕಡಿಂದ ಓದಸ್ಕೋತೀನಿ. ಓದಪ್ಪ."

"ಹಂಗಾರ ಚೊಲೋ ಇತ್ತಲ್ಲ" ಎಂದು ಓದಿದೆ. ಅದು ನನಗೇ ಕೇಳಿಸಲಿಲ್ಲ. ಚಾಚಾ ಬಳಪದಿಂದ ಪಾಟಿಯ ಕಟ್ಟಿಗೆಯನ್ನು ಎರಡು ಸಲ ಕುಟ್ಟಿದರು, ಕೈ ಮೇಲೆತ್ತಿ ಜೋರಾಗಿ ಎಂದು ಸನ್ನೆ ಮಾಡಿದರು. ನಾನು ಎದ್ದು ನಿಂತು, ಚಾಚಿಗೆ ಕೇಳಿಸುವ ಹಾಗೆ, ಇನ್ನೊಮ್ಮೆ ಓದಿದೆ.